ಅಕ್ಕೋರನ್ನು ಕೇಳಿ: ಮೆಣಸು ಹತ್ತಿದ ಹಡಗು

ಈ ತಿಂಗಳ ಪತ್ರಗಳ ಕಟ್ಟು ಬಿಚ್ಚಿದರೆ ಬರೀ ಹಡಗು, ಬರೀ ಮೆಣಸು. ಕಳೆದ ಸಂಚಿಕೆಯಲ್ಲಿ ವಾಸ್ಕೋ ಡ ಗಾಮನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟು. ಹಾಗಾಗಿ ಅತ್ತೆ-ಸೊಸೆ ಜಗಳ, ಮಕ್ಕಳ ಪರೀಕ್ಷೆಯ ಚಿಂತೆ ಎಲ್ಲ ಮುಂದಿನ ತಿಂಗಳಿಗೆ. ಹೊಸಬರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಹುಟ್ಟಿದ್ದು ಕುಮಟಾದ ಹತ್ತಿರ. ಕೊಟ್ಟಿದ್ದು ಶಿರಸಿ ಕಡೆಯ ಅಡಿಕೆ ತೋಟದ ಮನೆಗೆ. 32 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ. ಉಪ್ಪುನೀರೂ ಗೊತ್ತು, ಮೆಣಸಿನ ಬಳ್ಳಿಯೂ ಗೊತ್ತು. ನಡುವಿನ ಘಟ್ಟದ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತದ್ದಂತೂ ಚೆನ್ನಾಗಿ ಗೊತ್ತು.

ಪ್ರ: ಅಕ್ಕೋರೇ, ರೋಮನ್ನರು ನಮ್ಮ ಹೊನ್ನಾವರಕ್ಕೆ ಬಂದಿದ್ದರಾ? ಕಾಲೇಜಿನಲ್ಲಿ ಭಾಷಣ ಮಾಡಿದವರು ಹೌದು ಅಂದರು. ನಮ್ಮ ಅಣ್ಣ, ಅದೆಲ್ಲ ಕೇರಳದ ಕಥೆ ಅಂತ ನಗ್ತಾನೆ.
— ಬಿ.ಎ. ವಿದ್ಯಾರ್ಥಿನಿ, ಹೊನ್ನಾವರ

ಉ: ನಿನ್ನ ಅಣ್ಣ ಮುಕ್ಕಾಲು ಪಾಲು ಸರಿ, ತಂಗಿ. ಉಳಿದ ಕಾಲು ಪಾಲನ್ನು ಅವನಿಗೆ ಓದಿ ಹೇಳು.

ಮೊದಲು ಗಾಳಿ. ನಮ್ಮ ಮೀನುಗಾರರು ದೋಣಿ ದಡಕ್ಕೆಳೆದು ಕೂರುವ ಹೊತ್ತಿನಲ್ಲೇ, ಅಂದರೆ ಜುಲೈ ಸುಮಾರಿಗೆ, ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹಡಗುಗಳು ಹೊರಡುತ್ತಿದ್ದವು. ಮುಂಗಾರಿನ ಗಾಳಿಯೇ ಅವುಗಳನ್ನು ನಡುಗಡಲು ದಾಟಿಸಿ ಇತ್ತ ತಳ್ಳುತ್ತಿತ್ತು. ಇಲ್ಲಿಗೆ ಮುಟ್ಟುವಷ್ಟರಲ್ಲಿ ಮಳೆಯ ಅಬ್ಬರ ಇಳಿದಿರುತ್ತಿತ್ತು. ಸರಕು ತುಂಬಿಕೊಂಡು, ಗಾಳಿ ತಿರುಗಿದ ಮೇಲೆ ವಾಪಸ್. ಮಯೋಸ್ ಹಾರ್ಮೋಸ್ ಎಂಬ ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗು ಭಾರತಕ್ಕೆ ಹೋಗುತ್ತವೆ ಅಂತ ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಕಾರ ಬರೆದಿದ್ದಾನೆ.

ಆ ಹಡಗುಗಳಿಗೆ ಮೆಣಸಿನ ದೊಡ್ಡ ಪೇಟೆ ಮುಜಿರಿಸ್. ಅದು ಕೇರಳದಲ್ಲಿ, ಕೊಡುಂಗಲ್ಲೂರಿನ ಕಡೆ. ಇದರಲ್ಲಿ ಜಗಳವೇ ಇಲ್ಲ. 1ನೇ ಶತಮಾನದ ಒಬ್ಬ ಗ್ರೀಕ್ ವ್ಯಾಪಾರಿ ಈ ಕಡಲದಾರಿಗೆ ಒಂದು ಕೈಪಿಡಿ ಬರೆದಿಟ್ಟಿದ್ದಾನೆ. ಪೆರಿಪ್ಲಸ್ ಅಂತ ಅದರ ಹೆಸರು. ಯಾವ ಬಂದರು ಆದಮೇಲೆ ಯಾವ ಬಂದರು, ಎಲ್ಲಿ ಏನು ಕೊಳ್ಳಬೇಕು, ಎಲ್ಲಿ ಏನು ಮಾರಬೇಕು, ಎಲ್ಲ ಇದೆ. ನಮ್ಮ ಭಾಗಕ್ಕೆ ಬಂದಾಗ ಮಾತ್ರ ಅವನು ಓಡುತ್ತಾನೆ. ಇಲ್ಲಿ ಕೆಲವು ದ್ವೀಪಗಳಿವೆ, ಕೆರ್ಸೊನೆಸೊಸ್ ಎಂಬ ಭೂಶಿರವಿದೆ, ಕಡಲ್ಗಳ್ಳರಿದ್ದಾರೆ. ಮುಗೀತು! ಆ ಕೆರ್ಸೊನೆಸೊಸ್ ನಮ್ಮ ಕಾರವಾರದ ಕಡೆಯೇ ಅಂತ ಕೆಲವು ವಿದ್ವಾಂಸರು ಹೇಳಿದರು. ಅದೇ ಕೈಪಿಡಿಯಲ್ಲಿ ಮುಂದೆ ಬರುವ ನೌರಾ ಎಂಬ ಬಂದರನ್ನು ಕೆಲವರು ಹೊನ್ನಾವರ ಎಂದರು, ಇನ್ನು ಕೆಲವರು ಕಣ್ಣೂರಿಗೆ ಒಯ್ದರು. ನಿಮ್ಮ ಕಾಲೇಜಿನ ಭಾಷಣ ನಿಂತಿರುವುದು ಈ ನೌರಾದ ಮೇಲೆ. ಹೆಸರಿನ ಸದ್ದು ಹೋಲುತ್ತದೆ ಅಂತ ಊರ ಅಭಿಮಾನಕ್ಕೆ ಸುಮ್ನೆ ಎಳೆದು ತರಬಾರದು ಅಂತ ನನ್ನ ಅಭಿಪ್ರಾಯ.

ಹಾಗಂತ ನಮ್ಮ ಪಾಲು ಸೊನ್ನೆಯಲ್ಲ. 2ನೇ ಶತಮಾನದಲ್ಲಿ ಟಾಲೆಮಿ ಅಲೆಕ್ಸಾಂಡ್ರಿಯಾದಲ್ಲಿ ಕೂತು ಊರುಗಳ ಪಟ್ಟಿ ಮಾಡಿದ. ಅದರಲ್ಲಿ ಬನವಾಸಿ ಇದೆ. ಸಮುದ್ರದಿಂದ ಇಷ್ಟು ದೂರದ, ಘಟ್ಟದ ಮೇಲಿನ ಒಂದು ಊರಿನ ಹೆಸರು ಈಜಿಪ್ಟ್ ತನಕ ನಡೆದು ಹೋಯಿತಾ? ವ್ಯಾಪಾರಿಗಳ ಬಾಯಲ್ಲೇ ಹೋಗಬೇಕು. ಬನವಾಸಿಯಿಂದ ಹಾನಗಲ್ ಕಡೆಗೆ ಹೋದರೆ ಅಕ್ಕಿಆಲೂರು. ಅಲ್ಲಿ ರೋಮನ್ನರ ಚಿನ್ನದ ನಾಣ್ಯಗಳ ಗಂಟೇ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯ ಸಿಕ್ಕಿವೆ. ಹಡಗು ಎಲ್ಲಿ ಲಂಗರು ಹಾಕಿತೋ ಹಾಕಲಿ, ದುಡ್ಡು ಘಟ್ಟ ಹತ್ತಿತ್ತು.

ಆ ದುಡ್ಡಿನ ಬಗ್ಗೆ ರೋಮಿನಲ್ಲಿ ಗೊಣಗಾಟವೂ ಇತ್ತು. ಪ್ಲಿನಿ ಎಂಬಾತ, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಭಾರತಕ್ಕೆ ಹರಿದುಹೋಗುತ್ತಿದೆ ಅಂತ ಹೊಟ್ಟೆ ಉರಿದುಕೊಂಡ. ಆಗಿನ ಧಾರಣೆಯನ್ನೂ ಬರೆದಿಟ್ಟ. ಒಂದು ಪೌಂಡಿಗೆ ಹಿಪ್ಪಲಿ 15 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಬಿಳಿ ಮೆಣಸು 7, ಕರಿ ಮೆಣಸು 4. ರೋಮಿನ ಪೌಂಡ್ ಅಂದರೆ ಸುಮಾರು 327 ಗ್ರಾಂ. ಕೂಲಿಯಾಳಿನ ದಿನದ ಸಂಬಳ ಹೆಚ್ಚುಕಡಿಮೆ ಒಂದು ದಿನಾರಿ. ನಮ್ಮವರು ಸುಮ್ನೆ ಮೆಣಸಿಗೆ ‘ಯವನಪ್ರಿಯ’, ಅಂದರೆ ಗ್ರೀಕರು-ರೋಮನ್ನರಿಗೆ ಇಷ್ಟವಾದದ್ದು, ಅಂತ ಹೆಸರಿಟ್ಟರಾ? ಕ್ರಿ.ಶ. 408ರಲ್ಲಿ ಗೋಥರ ದೊರೆ ಅಲಾರಿಕ್ ರೋಮ್ ನಗರವನ್ನು ಮುತ್ತಿದಾಗ ಬಂಗಾರ, ಬೆಳ್ಳಿಯ ಜೊತೆ 3000 ಪೌಂಡ್ ಮೆಣಸನ್ನೂ ಕೇಳಿದ್ದ. ಈಜಿಪ್ಟಿನ ಬೆರೆನಿಕೆ ಬಂದರಿನಲ್ಲಿ ಅಗೆದಾಗ ಒಂದು ದೇವಸ್ಥಾನದ ಅಂಗಳದಲ್ಲಿ ನಮ್ಮ ದೇಶದ ಮಣ್ಣಿನ ಹರವಿ ಸಿಕ್ಕಿತು. ಒಳಗೆ ಏಳೂವರೆ ಕಿಲೋ ಕರಿಮೆಣಸು. ಎರಡು ಸಾವಿರ ವರ್ಷದಿಂದ ಯಾರೂ ಒಯ್ಯದೆ ಹಾಗೇ ಇತ್ತು.

ಪ್ರ: ನಾವು ಅಂಗಳದಲ್ಲಿ ಮೆಣಸು ಒಣಗಿಸೋದನ್ನು ಒಬ್ಬ ಅರಬ್ ಪ್ರವಾಸಿ ಆಗಲೇ ಬರೆದಿದ್ದಾನಂತೆ. ಅದರಲ್ಲಿ ಅವನಿಗೆ ಅಂಥದ್ದೇನು ಕಂಡಿತು?
— ತೋಟಿಗರೊಬ್ಬರು, ಸಿದ್ದಾಪುರ

ಉ: ಮಾರಾಯರೇ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೊಂದು ಲೋಟ ಕಷಾಯ ಬಾಕಿ.

ಅವನು ಇಬ್ನ್ ಬತೂತ. ಮೊರಾಕೋದವನು. 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಓಡಾಡಿದ. ಮಲಬಾರಿನ ದಾರಿಯಲ್ಲಿ ಮೆಣಸು ಕಂಡು ಹೀಗೆ ಬರೆದ: ಇದು ದ್ರಾಕ್ಷಿಯ ಥರದ ಬಳ್ಳಿ. ತೆಂಗಿನ ಮರದ ಬುಡಕ್ಕೆ ನೆಟ್ಟು ಹಬ್ಬಿಸುತ್ತಾರೆ. ಕಾಯಿ ಸಣ್ಣ ಸಣ್ಣ ಗೊಂಚಲು. ಕೊಯ್ದು ಚಾಪೆಯ ಮೇಲೆ ಬಿಸಿಲಿಗೆ ಹರವುತ್ತಾರೆ, ಒಣದ್ರಾಕ್ಷಿ ಮಾಡುವ ಹಾಗೆ. ಕಪ್ಪಾಗುವ ತನಕ ತಿರುವುತ್ತಲೇ ಇರುತ್ತಾರೆ. ಆಮೇಲಿನ ಮಾತೇ ಮುಖ್ಯ. ನಮ್ಮ ದೇಶದಲ್ಲಿ ಜನ ಇದನ್ನು ಬೆಂಕಿಯಲ್ಲಿ ಹುರಿಯುತ್ತಾರೆ ಅಂದುಕೊಂಡಿದ್ದಾರೆ, ಅದು ಸುಳ್ಳು, ಬರೀ ಬಿಸಿಲಿನಿಂದಲೇ ಹೀಗಾಗುತ್ತದೆ, ಅಂತಾನೆ.

ಇದರ ಪಕ್ಕದಲ್ಲಿ ಪ್ಲಿನಿಯನ್ನು ಇಟ್ಟು ನೋಡಿ. ಧಾರಣೆ ಅಷ್ಟು ಕರಾರುವಾಕ್ಕಾಗಿ ಬರೆದವನು ಮೆಣಸಿನ ಗಿಡದ ವಿಷಯಕ್ಕೆ ಬಂದಾಗ ಎಡವಿದ. ಅದೊಂದು ಮರ, ತಮ್ಮ ದೇಶದ ಜುನಿಪರ್ ಮರದ ಹಾಗೆ, ಅಂದ. ಹಿಪ್ಪಲಿ ಅದೇ ಮರದ ಎಳೆಕಾಯಿ ಅಂದ. ಧಾರಣೆ ಅವನೇ ಪೇಟೆಯಲ್ಲಿ ಕಂಡದ್ದು. ಬಳ್ಳಿ ಬೇರೆಯವರ ಬಾಯಲ್ಲಿ ಕೇಳಿದ್ದು. ಹೊರಗಿನಿಂದ ಬಂದವರ ಬರವಣಿಗೆ ಓದುವಾಗ ನಾನು ಪೆನ್ಸಿಲ್ ಹಿಡಿದು ಕೂರುತ್ತೇನೆ. ಕಂಡದ್ದಕ್ಕೆ ಗೆರೆ, ಕೇಳಿದ್ದಕ್ಕೆ ಪ್ರಶ್ನೆಚಿಹ್ನೆ.

ಬತೂತ ನಮ್ಮನೆಗೆ ಬಂದಿದ್ದರೆ ಇನ್ನೊಂದು ಪುಟ ಬರೆಯುತ್ತಿದ್ದ. ನಮ್ಮಲ್ಲಿ ಬಳ್ಳಿ ಅಡಿಕೆ ಮರಕ್ಕೆ. ಅಡಿಕೆ ಕೊಯ್ಲು ಮುಗಿಯುತ್ತ ಬಂದ ಹಾಗೆ ಮೆಣಸಿನದು ಶುರು. ಸರದಲ್ಲಿ ಒಂದೋ ಎರಡೋ ಕಾಳು ಕೆಂಪು ತಿರುಗಿದರೆ ಕೊಯ್ಯಬಹುದು. ಎಲ್ಲ ಕೆಂಪಾಗಲಿ ಅಂತ ಕಾದರೆ ಹಕ್ಕಿಗಳ ಪಾಲು. ಸರಗಳನ್ನು ಒಂದು ರಾತ್ರಿ ಗುಡ್ಡೆ ಹಾಕಿ, ಬೆಳಿಗ್ಗೆ ಕಾಲಲ್ಲಿ ತುಳಿದು ಕಾಳು ಬಿಡಿಸುವುದು. ಪಾದ ಸಂಜೆಯ ತನಕ ಚುರುಗುಟ್ಟುತ್ತದೆ. ಕಾಳು ಮುಟ್ಟಿದ ಕೈಯನ್ನು ಮರೆತು ಕಣ್ಣಿಗೆ ತಾಗಿಸಿದರೆ ಕೇಳಬೇಡಿ. ಮೊದಲ ದಿನದ ಬಿಸಿಲಿಗೆ ಹಸಿರು ಹೋಗಿ ಕಂದು. ಎರಡನೇ ದಿನ ಸಿಪ್ಪೆ ಸುಕ್ಕು. ಮೂರರಿಂದ ಐದು ದಿನಕ್ಕೆ ಕಪ್ಪು. ಕೆಲವರು ಹರವುವ ಮೊದಲು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆಯುತ್ತಾರೆ, ಆಗ ಬಣ್ಣ ಒಂದೇ ಸಮ ಬರುತ್ತದೆ. ಒಣಗಿತಾ ಇಲ್ಲವಾ ಅಂತ ನೋಡಲು ನಮ್ಮತ್ತೆ ಎರಡು ಕಾಳು ಬಾಯಿಗೆ ಹಾಕಿ ಕಚ್ಚುತ್ತಿದ್ದರು. ಟಕ್ ಅಂದರೆ ಚೀಲಕ್ಕೆ. ಮೆತ್ತಗಾದರೆ ಇನ್ನೊಂದು ಬಿಸಿಲು. ನೂರು ಕಿಲೋ ಹಸಿಕಾಳು ಒಣಗಿ ಮೂವತ್ತಮೂರರ ಆಸುಪಾಸಿಗೆ ನಿಲ್ಲುತ್ತದೆ. ತಿರುವುವವರ ಸೊಂಟ ಮಾತ್ರ ನೂರಕ್ಕೆ ನೂರು ನೋಯುತ್ತದೆ. ತೋಟದವರಿಗೆ ಇದನ್ನೆಲ್ಲ ಹೇಳಬೇಕಾ ಅಂತ ನಗಬೇಡಿ, ಪೇಟೆಯವರೂ ಓದ್ತಾರೆ.

ಪ್ರ: ಪೋರ್ಚುಗೀಸರು ಬರುವ ಮೊದಲು ಮೆಣಸಿನಕಾಯಿ ಇರಲಿಲ್ಲ ಅಂತ ಮಗಳು ವಾದ ಮಾಡ್ತಾಳೆ. ಹಾಗಾದರೆ ನಮ್ಮ ಹಿರಿಯರು ಸಪ್ಪೆ ಊಟ ಮಾಡ್ತಿದ್ದರಾ?
— ಗೃಹಿಣಿ, ಕುಮಟಾ

ಉ: ಮಗಳು ಸರಿ. ಮೆಣಸಿನಕಾಯಿ ಅಮೆರಿಕ ಖಂಡದ್ದು. ಇಲ್ಲಿಗೆ ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ನಮ್ಮ ಮಾತೇ ಅದಕ್ಕೆ ಸಾಕ್ಷಿ. ‘ಮೆಣಸು’ ಅಂದರೆ ಮೊದಲು ಕಾಳುಮೆಣಸೇ. ಹೊಸಬ ಬಂದ, ಖಾರ ಇತ್ತು, ಕಾಯಿ ಇತ್ತು, ‘ಮೆಣಸಿನಕಾಯಿ’ ಅಂದೆವು. ಈಗ ಹೊಸಬನೇ ಯಜಮಾನನಾಗಿ, ಹಳಬ ‘ಕಾಳು’ ಅಂತ ಬಾಲ ಅಂಟಿಸಿಕೊಂಡು ಓಡಾಡುತ್ತಿದ್ದಾನೆ.

ಇನ್ನೂ ಸಾಕ್ಷಿ ಬೇಕಾದರೆ ತಿಥಿಯ ದಿನ ಅಡುಗೆಮನೆಗೆ ಹೋಗಿ ನೋಡಿ. ಮೆಣಸಿನಕಾಯಿ ಇಲ್ಲ, ಬಟಾಟೆ ಇಲ್ಲ. ಖಾರಕ್ಕೆ ಕಾಳುಮೆಣಸು, ಶುಂಠಿ. ಹಿರಿಯರಿಗೆ ಅವರ ಕಾಲದ ಊಟವನ್ನೇ ಬಡಿಸುತ್ತೇವೆ. ಹೊರಗಿನಿಂದ ಬಂದದ್ದು ಆ ಒಂದು ದಿನ ಹೊರಗೆ. ಮಾತಿನಿಂದ ಮಾತ್ರ ಹೊರಗೆ ಹಾಕಲು ಆಗುವುದಿಲ್ಲ. ನಾವು ಹೇಳುವ ಬಟಾಟೆ, ಚಾವಿ, ಪಗಾರ, ಪಾದ್ರಿ, ಅನಾನಸು ಎಲ್ಲ ಅವರ ಹಡಗಿನಲ್ಲೇ ಬಂದ ಶಬ್ದ.

ಸಪ್ಪೆ ಊಟವಂತೂ ಅಲ್ಲ. ಅದೇ ಬತೂತ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡದ್ದನ್ನು ಬಿಡಿಬಿಡಿಯಾಗಿ ಬರೆದಿದ್ದಾನೆ. ತಾಮ್ರದ ದೊಡ್ಡ ತಟ್ಟೆ. ಅದಕ್ಕೆ ‘ತಾಲಮ್’ ಅನ್ನುತ್ತಾರೆ ಅಂತಾನೆ, ಥಾಲಿ ಅಂತ ಈಗಲೂ ಹೋಟೆಲಿನಲ್ಲಿ ಕೇಳ್ತೇವಲ್ವಾ, ಅದರ ಬಳಗವೇ ಇರಬೇಕು. ರೇಷ್ಮೆ ಉಟ್ಟವಳೊಬ್ಬಳು ಒಂದು ಸೌಟು ಅನ್ನ ಬಡಿಸಿ ಮೇಲೆ ತುಪ್ಪ ಸುರಿಯುತ್ತಾಳೆ. ಬದಿಗೆ ಉಪ್ಪಿನಲ್ಲಿಟ್ಟ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನ, ಒಂದು ಚೂರು ಉಪ್ಪಿನಕಾಯಿ. ಅನ್ನ ಮುಗಿದರೆ ಮತ್ತೊಂದು ಸೌಟು, ಜೊತೆಗೆ ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು. ಆದಮೇಲೆ ಕುಡಿಯಲು ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ಒಳ್ಳೆಯದಲ್ಲ. ನಮ್ಮಮ್ಮನೂ ಇದನ್ನೇ ಹೇಳುತ್ತಿದ್ದಳು, ಅದೇ ಧಾಟಿಯಲ್ಲಿ. ಪಾಪ, ಮುಂದೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲವಂತೆ. ಅನ್ನ ಗಂಟಲಲ್ಲಿ ಇಳಿಯಲು ನೀರು ಕುಡಿಯಬೇಕಾಗುತ್ತಿತ್ತು ಅಂತ ಗೋಳಾಡಿದ್ದಾನೆ.

ಮೆಣಸಿನ ಗೊಂಚಲಿನ ಉಪ್ಪಿನಕಾಯಿ ಈಗಲೂ ನಮ್ಮ ಭರಣಿಯಲ್ಲಿದೆ. ಎಳೆ ಸರ, ನಿಂಬೆರಸ, ಉಪ್ಪು. ಅಷ್ಟೇ. ಮೆಣಸಿನಪುಡಿ ಹಾಕಿದರೆ ಕೆಟ್ಟಿತು.

ಪ್ರ: ಆ ಕಾಲದಲ್ಲಿ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ ಇದ್ದವು ಅಂತ ಎಲ್ಲರೂ ಹೇಳ್ತಾರೆ. ನಂಬಬಹುದಾ?
— ಶಿಕ್ಷಕ, ಅಂಕೋಲಾ

ಉ: ಇದೂ ಬತೂತನದೇ. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23, ಇಂಥದ್ದು ಬೇರೆಲ್ಲೂ ಕಂಡಿಲ್ಲ ಅಂದ. ಅಲ್ಲಿನ ಹೆಂಗಸರಿಗೆ ಕುರಾನ್ ಬಾಯಿಪಾಠ ಅಂತಲೂ ಬರೆದ. ಅಂದರೆ ಇವು ಮುಸ್ಲಿಂ ವರ್ತಕರ ಊರಿನ ಧರ್ಮಪಾಠದ ಶಾಲೆಗಳು. ನಮ್ಮ ನಿಮ್ಮ ಹಾಗೆ ಹಾಜರಿ ಪುಸ್ತಕ, ಬಿಸಿಯೂಟ ಇರುವ ಶಾಲೆ ಅಂದುಕೊಳ್ಳಬೇಡಿ. ಆದರೆ ಅವನು ಆ ಊರಿನಲ್ಲಿ ತಿಂಗಳುಗಟ್ಟಲೆ ಇದ್ದವನು, ಲೆಕ್ಕ ಹಿಡಿದು ಹೇಳಿದ್ದಾನೆ. ನಾನಂತೂ ಗೆರೆ ಎಳೆದಿದ್ದೇನೆ. ಆ ಊರಿನವರಿಗೆ ಹೊಲವೇ ಇಲ್ಲ, ಸಮುದ್ರದ ವ್ಯಾಪಾರವೇ ಬದುಕು ಅಂತ ಅಲ್ಲೇ ಇನ್ನೊಂದು ಮಾತಿದೆ. ಗಂಡಸರು ವರ್ಷದ ಅರ್ಧ ಹಡಗಿನಲ್ಲಿ. ಮನೆಯಲ್ಲಿ ಓದು ಬಲ್ಲವರು ಬೇಕಿತ್ತು ಅಂತ ನನಗನಿಸುತ್ತದೆ.

ಪ್ರ: ವಾಸ್ಕೋ ಡ ಗಾಮ ‘ಕಾರವಾರದ ಅಂಜದೀವಕ್ಕೆ’ ಬಂದ ಅಂತ ಕಳೆದ ಸಲ ಬರೆದಿದ್ದೀರಿ. ಅಂಜದೀವ ಗೋವಾಕ್ಕೆ ಸೇರಿದ್ದು. ಇತಿಹಾಸ ಕಲಿಸಿದವರು ಹೀಗೆ ಬರೆಯಬಹುದೇ?
— ನಿವೃತ್ತ ನೌಕರ, ಕಾರವಾರ

ಉ: ತಪ್ಪಾಯಿತು. ಕಾರವಾರದ ಎದುರಿಗೆ ಅನ್ನಬೇಕಿತ್ತು. 1498ರಲ್ಲಿ ಕಲ್ಲಿಕೋಟೆಯಿಂದ ವಾಪಸ್ ಹೋಗುವಾಗ ಅವನು ಅಲ್ಲಿ ನಿಂತು ಹಡಗು ರಿಪೇರಿ ಮಾಡಿಸಿದ, ಸಿಹಿನೀರು ತುಂಬಿಸಿದ. ಆಗ ವೆನಿಸ್ಸಿನ ಮಾತನ್ನು ಚೆನ್ನಾಗಿ ಆಡುವ ಒಬ್ಬ ದಡದಿಂದ ಬಂದ. ಬೇಹುಗಾರ ಅಂತ ಗುಮಾನಿ ಬಂದು, ಹೊಡೆದು ಬಾಯಿ ಬಿಡಿಸಿದರು. ಯಹೂದಿ ಅಂತ ಗೊತ್ತಾಯಿತು. ಪೋರ್ಚುಗಲ್ಲಿಗೆ ಒಯ್ದು, ಮತ ಬದಲಿಸಿ, ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟರು. ಮುಂದೆ ಅವರಿಗೆ ದುಭಾಷಿಯಾದ. ಯುರೋಪಿನವರು ‘ಕಂಡುಹಿಡಿದ’ ಕರಾವಳಿಯಲ್ಲಿ ವೆನಿಸ್ಸಿನ ಮಾತು ಬಲ್ಲವನು ಆಗಲೇ ಇದ್ದ!

ಪ್ರ: ಒಂದೇ ಸಾಲಿನಲ್ಲಿ ಹೇಳಿ: ಹೊನ್ನಾವರದ ತಿಮ್ಮಯ್ಯ ವೀರನೋ, ಕಡಲ್ಗಳ್ಳನೋ?
— ಹೆಸರು ಬೇಡ ಎಂದವರು, ಹಳದೀಪುರ

ಉ: ಎರಡೂ ಹೌದು. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನನ್ನು ಹುರಿದುಂಬಿಸಿ ಕರೆದೊಯ್ದವನು ಅವನೇ. ಪೋರ್ಚುಗೀಸರ ಬಾಯಲ್ಲಿ ತಿಮೋಜ. ಎರಡು ಸಾಲಾಯಿತು, ಕ್ಷಮಿಸಿ.

ಪ್ರ: ಈಜಿಪ್ಟಿನಲ್ಲಿ ಸಿಕ್ಕ ಹಳೆಯ ನಾಟಕದಲ್ಲಿ ಕನ್ನಡ ಇದೆಯಂತೆ. ವಾಟ್ಸಾಪಿನಲ್ಲಿ ಬಂತು.
— ಅಂಗಡಿಕಾರ, ಭಟ್ಕಳ

ಉ: ವಾಟ್ಸಾಪಿಗೆ ಈ ಸಲ ಅರ್ಧ ಅಂಕ. ಆಕ್ಸಿರಿಂಕಸ್ ಎಂಬಲ್ಲಿ ಕಸದ ತಿಪ್ಪೆ ಅಗೆದಾಗ ಸಿಕ್ಕ ಕಾಗದಗಳಲ್ಲಿ 413ನೇ ಸಂಖ್ಯೆಯದು ಒಂದು ಗ್ರೀಕ್ ಪ್ರಹಸನ. ಸುಮಾರು 2ನೇ ಶತಮಾನದ ಪ್ರತಿ. ಖಾರಿಷನ್ ಎಂಬ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಬಂದು, ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ವೈನ್ ಕುಡಿಸಿ ಮಲಗಿಸಿ, ತಂಗಿಯನ್ನು ಹಡಗು ಹತ್ತಿಸುತ್ತಾನೆ. ರಾಜ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ 1904ರಲ್ಲಿ ಹುಲ್ಶ್ ಎಂಬ ಜರ್ಮನ್ ವಿದ್ವಾಂಸ ಹೇಳಿದ. ನಮ್ಮ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದವರೂ ಇದ್ದಾರೆ. ಗೋವಿಂದ ಪೈಗಳ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನನಗೆ ಅದು ಪ್ರೇಕ್ಷಕರನ್ನು ನಗಿಸಲು ಮಾಡಿದ ‘ಗಿಬರ ಗಿಬರ’ ಅನಿಸುತ್ತದೆ. ಸಿನಿಮಾದಲ್ಲಿ ವಿದೇಶಿಯರ ಮಾತು ತೋರಿಸ್ತಾರಲ್ಲ, ಹಾಗೆ. ಆದರೆ ಈಜಿಪ್ಟಿನ ಜನ ನಾಟಕ ನೋಡುತ್ತ, ಭಾರತದ ಕರಾವಳಿ ಅಂದ ಕೂಡಲೇ ನಗಲು ತಯಾರಿದ್ದರಲ್ಲ, ನನಗೆ ಖುಷಿ ಕೊಡುವುದು ಅದು.

ಪ್ರ: ಚೆನ್ನಭೈರಾದೇವಿಗೆ ‘ಕಾಳುಮೆಣಸಿನ ರಾಣಿ’ ಅನ್ನೋ ಹೆಸರು ನಿಜಕ್ಕೂ ಇತ್ತಾ, ಈಗಿನವರು ಇಟ್ಟಿದ್ದಾ?
— ಕಾಲೇಜು ಉಪನ್ಯಾಸಕಿ, ಶಿರಸಿ

ಉ: ಇತ್ತು. 1623ರಲ್ಲಿ ಪಿಯೆತ್ರೊ ಡೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಗೋವಾದಿಂದ ಹೊನ್ನಾವರಕ್ಕೆ ಬಂದ. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೆ. ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋದ. ಆ ನದಿಯ ಪಯಣವನ್ನು ಮನಸಾರೆ ಹೊಗಳಿದ. ಗೇರುಸೊಪ್ಪೆ ಮಾತ್ರ ಆಗಲೇ ಹಾಳುಬಿದ್ದಿತ್ತು. ಈ ಊರಿನ ರಾಣಿಯನ್ನು ಪೋರ್ಚುಗೀಸರು ‘ರೈನಾ ಡ ಪಿಮೆಂಟಾ’ ಅನ್ನುತ್ತಿದ್ದರು ಅಂತ ಬರೆದ. ಪಿಮೆಂಟಾ ಅಂದರೆ ಮೆಣಸು. ಕೊಳ್ಳುವವರು ಇಟ್ಟ ಹೆಸರು. ಆಕೆಯ ಗೋದಾಮಿನ ಬಾಗಿಲು ತೆಗೆದರೆ ಮಾತ್ರ ಅವರ ಹಡಗು ತುಂಬುತ್ತಿತ್ತು.

1552ರಿಂದ 1606ರ ಹೊತ್ತಿನವರೆಗೆ ಆಳಿದವಳು. ಗಂಡು ದೊರೆಗಳಲ್ಲೂ ಇಷ್ಟು ದೀರ್ಘ ಕಾಲ ಆಳಿದವರು ಕಡಿಮೆ. ಅಂಥವಳ ಬಗ್ಗೆ ಡೆಲ್ಲಾ ವಾಲೆ ಏನು ಬರೆದ ಗೊತ್ತಾ? ಯಾರೋ ಕೀಳು ಕುಲದ ಪರದೇಶಿಯನ್ನು ಮೋಹಿಸಿ, ಅವನ ಕೈಗೆ ರಾಜ್ಯ ಕೊಟ್ಟು, ಕೊನೆಗೆ ಕಳಕೊಂಡಳು ಅಂತ. ಅವನು ಬಂದಾಗ ಆಕೆಯ ಆಳ್ವಿಕೆ ಮುಗಿದು 17 ವರ್ಷ ಆಗಿತ್ತು. ಹೇಳಿದವರು ಗೆದ್ದವರ ಕಡೆಯವರು. ಹೆಂಗಸು ಸೋತರೆ ಊರಿಗೆ ಬೇರೆ ಕಾರಣ ಹೊಳೆಯುವುದೇ ಇಲ್ಲ! ಇಲ್ಲಿ ನನ್ನ ಪುಸ್ತಕದಲ್ಲಿ ಮೂರು ಪ್ರಶ್ನೆಚಿಹ್ನೆ ಇದೆ.

ಅದೇ ಮನುಷ್ಯ ಕಣ್ಣಾರೆ ಕಂಡದ್ದನ್ನು ಬರೆದಾಗ ಎಷ್ಟು ಚೆಂದ! ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಹೇಳುವುದು, ಹೇಳುತ್ತಲೇ ನೆಲಕ್ಕೆ ಹರವಿದ ಮರಳಿನ ಮೇಲೆ ಬೆರಳಲ್ಲಿ ಬರೆಯುವುದು. ಉಳಿದವರು ಅದನ್ನೇ ಹಾಡಿ ಬರೆಯುವುದು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು. ಮೇಷ್ಟ್ರು ಇರಲಿಲ್ಲ. ಮರೆತರೆ ಯಾರು ಹೇಳಿಕೊಡ್ತಾರೆ ಅಂತ ಇವನು ಕೇಳಿದ. ನಾಲ್ವರೂ ಒಂದೇ ಜಾಗ ಒಟ್ಟಿಗೆ ಮರೆಯುವುದು ಸಾಧ್ಯವೇ ಇಲ್ಲವಲ್ಲ ಅಂತ ಹುಡುಗರು ನಕ್ಕರು. ಈ ಒಂದು ಪುಟಕ್ಕಾಗಿ ಅವನ ಗಾಳಿಮಾತನ್ನೆಲ್ಲ ಕ್ಷಮಿಸಿದ್ದೇನೆ.

ಆ ರಾಣಿಯೇ ಕಟ್ಟಿಸಿದಳು ಎನ್ನುವ ಮಿರ್ಜಾನ್ ಕೋಟೆಗೆ ಮಕ್ಕಳನ್ನು ಎಷ್ಟು ಸಲ ಕರೆದೊಯ್ದೆನೋ. ಒಂದು ವರ್ಷ, ಮಳೆ ಬಿಟ್ಟ ಮೇಲೆ, ಕೆಂಪು ಚಿರೆಕಲ್ಲಿನ ಗೋಡೆಗೆಲ್ಲ ಹಸಿರು ಹಾವಸೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಬಂದು ಮುಷ್ಟಿ ಬಿಚ್ಚಿದ. ಹೆಬ್ಬೆರಳ ಉಗುರಿನಷ್ಟು ಪಿಂಗಾಣಿ ಚೂರು. ಬಿಳಿ ಮೈ. ಮೇಲೆ ನೀಲಿಯಲ್ಲಿ ಅರ್ಧ ಎಲೆ. ಅಂಚು ಸವೆದು ನುಣ್ಣಗಾಗಿತ್ತು, ಬಾಯಲ್ಲಿಟ್ಟ ಪೆಪ್ಪರಮಿಂಟಿನ ಹಾಗೆ. ಅದೇ ಕೋಟೆಯಲ್ಲಿ ಪುರಾತತ್ವದವರು ಅಗೆದಾಗ ಚೀನಾದ ಪಿಂಗಾಣಿ, ಫಿರಂಗಿ ಗುಂಡು, ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕಿದ್ದವು. ಹಾಗಾಗಿ ನನಗೆ ಕೈ ನಡುಗಿತು. ಅಲ್ಲೇ ಇಟ್ಟು ಬಾ ಅನ್ನಬೇಕಿತ್ತು. ಅನ್ನಲಿಲ್ಲ. ಒಂದು ವರ್ಷ ನನ್ನ ಮೇಜಿನ ಖಾನೆಯಲ್ಲಿ, ಸೀಮೆಸುಣ್ಣದ ಪೆಟ್ಟಿಗೆಯಲ್ಲಿತ್ತು. ಮನಸ್ಸು ಚುಚ್ಚಿ, ಮುಂದಿನ ಪ್ರವಾಸಕ್ಕೆ ಹೋದಾಗ ವಾಪಸ್ ಕೊಂಡೊಯ್ದು ಕೋಟೆ ನೋಡಿಕೊಳ್ಳುವವರ ಕೈಗೆ ಕೊಟ್ಟೆ. ‘ಇದಕ್ಕಾಗಿ ಬಂದ್ರಾ ಅಕ್ಕೋರೇ’ ಅಂತ ಅವರು ಜೇಬಿಗೆ ಹಾಕಿಕೊಂಡರು. ಕದ್ದವಳು ಇನ್ನೇನು ಕೇಳಲಿ.

ಪ್ರ: ಕಡವಾಡದಲ್ಲಿ ಇಂಗ್ಲಿಷರ ಫ್ಯಾಕ್ಟರಿ ಇತ್ತಂತೆ. ಏನು ತಯಾರಿಸುತ್ತಿದ್ದರು?
— ಆಟೋ ಚಾಲಕ, ಕಾರವಾರ

ಉ: ಏನೂ ಇಲ್ಲ. ಆಗ ಫ್ಯಾಕ್ಟರಿ ಅಂದರೆ ಚಿಮಣಿ, ಯಂತ್ರ ಅಲ್ಲ, ವ್ಯಾಪಾರದ ಕೋಠಿ. ಕಂಪನಿಯ ಏಜೆಂಟರು ಇರುವ ಮನೆ, ಕೆಳಗೆ ಗೋದಾಮು. ಈಗಿನ ಕಾರವಾರ ಪೇಟೆ ಬೆಳೆದದ್ದು 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ. ಹಳೆಯ ಕಾರವಾರ ಕಾಳಿ ನದಿಯ ಒಳಗೆ, ನಿಮ್ಮ ಕಡವಾಡದ ಕಡೆ. ಅಲ್ಲಿ 1638ರಲ್ಲಿ ಕೋರ್ಟೀನ್ ಎಂಬಾತನ ಕಂಪನಿ ಕೋಠಿ ಹಾಕಿತು. ಯಾಕೆ ಅಲ್ಲಿ? ಸೋಂದೆಯ ಮೆಣಸಿನ ಹೆಸರು ಕೇಳಿ.

ಸೋಂದೆ ಎಲ್ಲಿದೆ? ನಮ್ಮ ಶಿರಸಿಯ ಪಕ್ಕ. ಮೆಣಸು ಬೆಳೆದದ್ದು ಮೇಲೆ, ಹೇರೆತ್ತಿನ ಬೆನ್ನ ಮೇಲೆ ಘಟ್ಟ ಇಳಿದು, ಹಡಗು ಹತ್ತಿದ್ದು ಕೆಳಗೆ. ಕಂಪನಿಯ ಪುಸ್ತಕದಲ್ಲಿ ಅದರ ಹೆಸರು ಕಾರವಾರದ ಮೆಣಸು. ಈ ಒಂದು ವಿಷಯಕ್ಕೆ ಕುಮಟಾದ ತವರು ಮತ್ತು ಶಿರಸಿಯ ಗಂಡನ ಮನೆಯ ನಡುವೆ ನಾನು ಈಗಲೂ ಪಂಚಾಯ್ತಿ ಮಾಡುತ್ತೇನೆ.

1665ರಲ್ಲಿ ಶಿವಾಜಿ ಬಸರೂರಿಗೆ ದಾಳಿ ಮಾಡಿ, ಗೋಕರ್ಣದಲ್ಲಿ ಸ್ನಾನ ಮುಗಿಸಿ, ಕಾರವಾರಕ್ಕೆ ಬಂದ. ಊರಿನ ವರ್ತಕರೆಲ್ಲ ಸೇರಿ ಹಣ ಒಟ್ಟು ಮಾಡಿ ಕೊಟ್ಟು ಕಳಿಸಿದರು. ಇಂಗ್ಲಿಷರ ಪಾಲು 112 ಪೌಂಡ್. ಅದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರು, ಮಹಾ ಲೆಕ್ಕದವರು.

ಪ್ರ: ಅಕ್ಕೋರೇ, ಹಡಗಿನಲ್ಲಿ ನೀರು ಬಂದರೆ ಮೆಣಸು ಹಾಳಾಗ್ತಿರಲಿಲ್ವಾ?
— 7ನೇ ತರಗತಿ, ಯಲ್ಲಾಪುರ

ಉ: ಈ ತಿಂಗಳ ಒಳ್ಳೆಯ ಪ್ರಶ್ನೆ ನಿನ್ನದು, ಪುಟ್ಟಾ. ಹಾಳಾಗ್ತಿತ್ತು. ನಮ್ಮನೆಯಲ್ಲೇ ಆಗಿದೆ. ಒಂದು ವರ್ಷ ಮಾರ್ಚಿನಲ್ಲಿ ದಿಢೀರ್ ಮಳೆ. ಗಡಿಬಿಡಿಯಲ್ಲಿ ಬೆಚ್ಚಗಿದ್ದ ಮೆಣಸನ್ನೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು. ಹದಿನೈದು ದಿನ ಬಿಟ್ಟು ಪೇಟೆಯ ಅಂಗಡಿಯಲ್ಲಿ ಬಿಚ್ಚಿದರೆ ಬೂದಿ ಬಣ್ಣದ ಬೂಸು, ಮುಗ್ಗಲು ವಾಸನೆ. ಅಂಗಡಿಯವರು ಒಂದು ಹಿಡಿ ತೆಗೆದು, ಮೂಸಿ, ವಾಪಸ್ ಹಾಕಿ, ಹೇಳಿದ ದರ ಕೇಳಿ ನಮ್ಮನೆಯವರು ಎರಡು ದಿನ ಮಾತಾಡಲಿಲ್ಲ.

ಪೋರ್ಚುಗೀಸರು ಮೆಣಸನ್ನು ಚೀಲದಲ್ಲಲ್ಲ, ಹಡಗಿನ ಹೊಟ್ಟೆಯಲ್ಲಿ ಕೋಣೆ ಮಾಡಿ, ಸಂದು ಮುಚ್ಚಿ, ಹಾಗೇ ಸುರಿಯುತ್ತಿದ್ದರು. 1606ರಲ್ಲಿ ಕೊಚ್ಚಿಯಿಂದ ಹೊರಟ ಅಂಥ ಒಂದು ಹಡಗು ಅಷ್ಟು ದೂರ ಹೋಗಿ, ಲಿಸ್ಬನ್ ಪಕ್ಕದ ಅಳಿವೆಯ ಬಾಯಲ್ಲಿ, ಮನೆ ಬಾಗಿಲಲ್ಲಿ ಮುಳುಗಿತು. ದಡಕ್ಕೆಲ್ಲ ಮೆಣಸಿನ ಕಪ್ಪು ತೆರೆ. ಜನ ಬಾಚಿಕೊಂಡರು. ಸುಮಾರು ನಾನೂರು ವರ್ಷ ಬಿಟ್ಟು ಮುಳುಗುಗಾರರು ಹೋದಾಗ, ಹಡಗಿನ ಹಲಗೆಯ ಕೆಳಗೆ ಮೆಣಸಿನ ಕಾಳು ಇನ್ನೂ ಪದರವಾಗಿ ಕೂತಿತ್ತು.

ಒಳ್ಳೆಯ ಮೆಣಸು ಮುಳುಗುತ್ತದೆ, ನೆನಪಿಡು. ಹಿಪ್ಪಲಿಗೆ ಸಾಸಿವೆ ಬೆರೆಸಿ ಮಾರುತ್ತಾರೆ ಅಂತ ಪ್ಲಿನಿ ಆಗಲೇ ದೂರಿದ್ದ. ಈಗ ಕಾಳುಮೆಣಸಿಗೆ ಪಪಾಯಿ ಬೀಜ ಬೆರೆಸುತ್ತಾರೆ. ಅಮ್ಮನ ಸಾಂಬಾರ ಡಬ್ಬದಿಂದ ಇಪ್ಪತ್ತು ಕಾಳು ತೆಗೆದು ಒಂದು ಲೋಟ ನೀರಿಗೆ ಹಾಕು. ತೇಲಿದರೆ ಒಂದೋ ಜೊಳ್ಳು, ಇಲ್ಲವೇ ಪಪಾಯಿ. ಎಷ್ಟು ತೇಲಿದವು ಅಂತ ಎಣಿಸಿ ಬರೆ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಅಂಗಡಿಯ ಹೆಸರು ಮಾತ್ರ ಬರೆಯಬೇಡ.